ಮೆತ್ತಗಿನ ದಿನ

ದಾವಣಗೆರೆಯ ಭಟ್ಟಿ ಸಾಲಿನಲ್ಲಿ
ಹವಾಮಾನಕ್ಕೆ ರೇಡಿಯೋ ಹಚ್ಚುವುದಿಲ್ಲ.
ಹುಸೇನಬಿ ನಾಕು ಮಂಡಕ್ಕಿ ಬಾಯಿಗೆಸೆದು
ಕಣ್ಣು ಮುಚ್ಚುತ್ತಾಳೆ.

ಕರಂ ಅಂದರೆ ಮೂಡುಗಾಳಿ, ಒಣ.
ಇವತ್ತು ಸದ್ದೇ ಇಲ್ಲ.
"ಹರಿಹರದ ಕಡಿ ಹೊಳಿ ಉಸಿರು ಬಿಟ್ಟೈತಿ"
ಎನ್ನುತ್ತ ಹರವಿದ ಭತ್ತದ ಮೇಲೆ
ತಾಡಪಾಲು ಎಳೆಯುತ್ತಾಳೆ.

ಇರುವೆಗೆ ಮೊದಲೇ ಗೊತ್ತಿತ್ತು,
ಮೊಟ್ಟೆ ಹೊತ್ತು ಗೋಡೆ ಏರಿತ್ತು.
ಗುಬ್ಬಿ ಧೂಳಲ್ಲಿ ಮಿಂದಿತ್ತು.
ಬೇಲಿಯಾಚೆಯ ಹುಣಸೆ
ನಡು ಮಧ್ಯಾಹ್ನವೇ ಎಲೆ ಮಡಚಿತ್ತು
ಸಂಜೆಯೆಂದು ಬಗೆದು.
ಇಪ್ಪತ್ತು ವರ್ಷ ಬೆಂಕಿಯೆದುರು ಕೂತ
ಅವಳ ಮೊಣಕಾಲಿಗೂ ಗೊತ್ತಿತ್ತು.

ಗೊತ್ತಿರದವನು ನಾನೊಬ್ಬನೇ,
ಕೊಡೆಯಿಲ್ಲದೆ ಬಂದು
ಎರಡು ಸೇರು ಕಟ್ಟಿಸಿಕೊಂಡು ನಿಂತವನು.

ತಗಡಿನ ತೂತಿನಿಂದ ಮೊದಲ ಹನಿ
ಬಾಣಲೆಯ ಕಾದ ಮರಳಿಗೆ ಬಿತ್ತು.
ಏನೋ ಸದ್ದಾಯಿತು.
ಅದೂ ಅರಳಿತೇ,
ಬಗ್ಗಿ ನೋಡಿದೆ.