ಆದರೂ ಇಲ್ಲದ ಕೀರ್ತನೆ

ಫ್ರೆಸ್ನೋದಲ್ಲಿ, ಚಿಕ್ಕಪ್ಪನ ರತ್ನಗಂಬಳಿ ಅಂಗಡಿಯ ಹಿಂದೆ
ನನ್ನ ಸ್ಟುಡಿಯೋ. ಮಾರಾಟವಾಗದ ಗಂಬಳಿಗಳೆಲ್ಲ ಗೋಡೆಗೆ.
ದಾಳಿಂಬೆ ನೇಯ್ದ ಆ ಉಣ್ಣೆ ಏನೇನು ನುಂಗಿತ್ತೋ:
ಅರ್ಮೇನಿಯನ್ ಮದುವೆಯ ಔದ್,
ಟ್ರ್ಯಾಕ್ಟರಿನ ಜಾಹೀರಾತು, ಮೆಕ್ಸಿಕನ್ ತುತ್ತೂರಿ.
ಎಂಬತ್ತೊಂಬತ್ತರ ಡಿಸೆಂಬರು. ದ್ರಾಕ್ಷಿ ತೋಟದ ಮಂಜು ಎದ್ದು
ಹೆದ್ದಾರಿಯ ಕಣ್ಣು ಕಟ್ಟಿದ್ದ ಸಂಜೆ
ನಾಲ್ವರೂ ಮತ್ತೆ ಬಂದರು,
ಸೊಂಟ ಮುಟ್ಟುವ ಕೂದಲು, ಹಿಂಜೇಬಿನಲ್ಲಿ ಬೈಬಲ್ಲು.

ಮೊದಲ ಆಲ್ಬಮ್ಮನ್ನೂ ಟೇಪಿಗೆ ಹಿಡಿದವಳು ನಾನೇ.
ಆಗ ಹತ್ತೊಂಬತ್ತು ಅವರಿಗೆ, ಎಲ್ಲವೂ ಗೊತ್ತಿದ್ದ ವಯಸ್ಸು.
ಸೈತಾನನ ಹಲ್ಲು ಎಣಿಸಿ ಬಂದವರ ಹಾಗೆ ಹಾಡಿದ್ದರು.
ಬೈಬಲ್ ಅಂಗಡಿಯವರು ಹೊದಿಕೆಯ ತಲೆಬುರುಡೆ ಕಂಡು
ಮೇಜಿನಡಿ ತುರುಕಿದರು;
ಕ್ಲಬ್ಬಿನವರು ಗಿಟಾರಿನ ಶಿಲುಬೆ ಕಂಡು ಬಿಯರ್ ಎರಚಿದರು.
ಅತ್ತ ದರಿ, ಇತ್ತ ಪುಲಿ,
ನಡುವೆ ಹೀಟರ್ ಕೆಟ್ಟ ಒಂದು ವ್ಯಾನು.

ಹಾಡುವವನು ಲೈಲ್ ವೀಬ್, ರೀಡ್ಲಿಯ ಮೆನೊನೈಟ್ ಪಾದ್ರಿಯ ಮಗ.
ಅವರ ಸಭೆಯಲ್ಲಿ ನಾಲ್ಕು ದನಿ ಹೆಣೆದು ಮೆಲ್ಲಗೆ ಹಾಡುತ್ತಾರೆ.
ಅವನ ಅಜ್ಜಿ ಕ್ಯಾಸೆಟ್ ಪೂರ್ತಿ ಕೇಳಿ
'ಯಾರಪ್ಪ ಹೊಡೆದರು ನಿನ್ನ?' ಎಂದಳಂತೆ.

ನಾನು ಈಸ್ಟರಿಗೊಮ್ಮೆ ಚರ್ಚಿಗೆ ಹೋಗುವವಳು.
ಪ್ರತಿ ಟೇಕಿಗೆ ಮುಂಚೆ ಇವರು ತಲೆ ಬಾಗಿಸಿ ನಿಂತರೆ
ನನಗೆ ಟೇಪಿನ ಬೆಲೆಯ ಚಿಂತೆ.
ಈ ಸಲ ಆ ನಿಲುವು ಉದ್ದವಾಗಿತ್ತು.
ಡ್ರಮ್ಮಿನ ವರ್ಲಿನ್ ಮಾತ್ರ ತಲೆ ಬಾಗಿಸಲಿಲ್ಲ,
ಒಂದು ತಿರುಪನ್ನು ಬಿಗಿ ಮಾಡುತ್ತಲೇ ಇದ್ದ.
ತಂತಿ ಬದಲಿಸುತ್ತ ನೆಸ್ಟರ್ ಹೇಳಿದ:
ಜುಲೈಯಲ್ಲಿ ಮಗಳು ಹುಟ್ಟಿದ್ದಳು. ಹನ್ನೊಂದು ದಿನ.

ಟಲ್ಸಾದಿಂದ ಕಂಪನಿಯ ಫೋನು.
ಮೊದಲನೆಯದರಲ್ಲಿ ಯೇಸುವಿನ ಹೆಸರು ನಲವತ್ತೊಂದು ಸಲ,
ಇದರಲ್ಲಿ ಬರೀ ಒಂಬತ್ತು!
ಪೆನ್ಸಿಲ್ ಹಿಡಿದು ಎಣಿಸಿದ್ದಾರೆ, ಪಾಪ.
ಮತ್ತೆ ಆ ಎಂಟನೆಯ ಹಾಡು, ಅದಕ್ಕೇನು ಮಾಡೋಣ?

ಅದು ಎಂಬತ್ತೆಂಟನೆಯ ಕೀರ್ತನೆಯಿಂದ ಕಟ್ಟಿದ್ದು.
ಗೋಳಾಡುವ ಕೀರ್ತನೆಗಳು ಅತ್ತು ಅತ್ತು
ಕೊನೆಯಲ್ಲಿ ಮೂಗೊರೆಸಿಕೊಂಡು 'ಆದರೂ' ಅನ್ನುತ್ತವೆ.
ಇದು ಅನ್ನುವುದಿಲ್ಲ.
ಕತ್ತಲೆ ಎಂಬ ಮಾತಿಗೆ ಬಂದು ನಿಂತುಬಿಡುತ್ತದೆ,
ದೀಪ ತರಲು ಹೋದವರು
ಮರಳಿ ಬಾರದ ಮನೆಯ ಹಾಗೆ.

ಒಂದು ಸಾಲು ಸೇರಿಸಿ, ಎಂದರು. ಒಂದೇ ಒಂದು ಆದರೂ.
ಒಣದ್ರಾಕ್ಷಿ ಹರಡುವ ಕಾಗದದ ಮೂಲೆಯಲ್ಲಿ ಲೈಲ್ ಬರೆದ.
ಚೆನ್ನಾಗಿಯೇ ಇತ್ತು, ಪ್ರಾಸವೂ ಕೂಡಿತ್ತು.
ವರ್ಲಿನ್ ಕೋಲು ಕೆಳಗಿಟ್ಟ.
'ಪುಸ್ತಕದಲ್ಲಿ ಇಲ್ಲದ್ದನ್ನ ನಾನು ಬಾರಿಸಲ್ಲ.'

ಆಮೇಲೆ ಒಂದೇ ಟೇಕು.
ಗಿಟಾರು ತಗಡಿನ ಮೇಲೆ ಆಲಿಕಲ್ಲು; ಲೈಲನ ಗಂಟಲು ಹರಿದು
ಪದ ಯಾವುದು, ನೆತ್ತರು ಯಾವುದು ತಿಳಿಯದು.
ಕೆಳಗೆ ವರ್ಲಿನ್, ಎರಡೂ ಕಾಲಲ್ಲಿ,
ಒಳಗೆ ಯಾರೋ ಇರುವುದು ಖಚಿತವಿರುವವನು
ಬಾಗಿಲು ಒದೆಯುವ ಹಾಗೆ.

ನಿಂತಿತು.
ಆಂಪ್ಲಿಫೈಯರಿನ ಗುಂಯ್.
ಸ್ಟೂಲು ಕಿರ್ರೆಂದಿತು. ಯಾರದೋ ಏದುಸಿರು.
'ಕೇಳಿಸ್ತಾ?' ಅಂದ ವರ್ಲಿನ್.
ಡ್ರಮ್ಮಿನವರು ದಿನಕ್ಕೆ ನೂರು ಸಲ ನನ್ನನ್ನು ಕೇಳುವ ಮಾತು,
ಗಾಜಿನ ಈಚೆ ನೋಡಿ ಕೇಳುವ ಮಾತು.
ಅವನು ಗಾಜಿನತ್ತ ನೋಡುತ್ತಿರಲಿಲ್ಲ.
ನಾನು ಉತ್ತರದ ಗುಂಡಿಯ ಮೇಲೆ ಬೆರಳಿಟ್ಟೆ,
ಒತ್ತಲಿಲ್ಲ.
ಸುರುಳಿ ಮುಗಿದು ಟೇಪಿನ ತುದಿ ಪಟಪಟ ಬಡಿಯುವವರೆಗೂ
ಯಾರೂ ಏಳಲಿಲ್ಲ.

ಕತ್ತರಿಸಿ ಎಂದಿತು ಟಲ್ಸಾ. ಕತ್ತರಿಸಿದೆ ಎಂದೆ.
ಆಲ್ಬಮ್ ಇದ್ದವರ ಮನೆಯಲ್ಲಿ ಅದು ಈಗಲೂ ಇದೆ,
ಎಂಟನೆಯ ಹಾಡಿನ ಕೊನೆಗೆ, ದನಿ ಪೂರ್ತಿ ಏರಿಸಿದರೆ.

ಚಿಕ್ಕಪ್ಪ ಹೋದ ಮೇಲೆ ಅಂಗಡಿ ಮಾರಿದೆವು.
ದಾಳಿಂಬೆಯ ಗಂಬಳಿಯೊಂದು ನನ್ನ ಪಾಲಿಗೆ.
ವರ್ಷಕ್ಕೊಮ್ಮೆ ಬೇಲಿಯ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತೇನೆ.
ಅಷ್ಟೊಂದು ಸದ್ದು ಕುಡಿದ ಉಣ್ಣೆ.
ಬರೀ ಧೂಳು ಬರುತ್ತದೆ.
ಕೆಮ್ಮುತ್ತೇನೆ, ಇನ್ನೊಂದೇಟು ಹಾಕುತ್ತೇನೆ.