ಹೆಪ್ಪು

ಒಸ್ತ್ರಾವಾ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹದಿನಾರು ವರ್ಷದಿಂದ ನನ್ನದು ಕೊಲ್ಲುವ ಕೆಲಸ.
ಕತ್ತರಿ, ಚಿಮುಟ, ಹಲ್ಲು ಕಚ್ಚಿಕೊಂಡ ಇಕ್ಕಳ,
ಎಲ್ಲ ನೂರಮೂವತ್ತನಾಲ್ಕು ಡಿಗ್ರಿ ಹಬೆಯಲ್ಲಿ ಬೇಯಿಸಿ
ಪಟ್ಟಿ ಕಪ್ಪಾಯಿತೇ ನೋಡಿ ಸಹಿ ಹಾಕುತ್ತೇನೆ:
ಇದರಲ್ಲಿ ಯಾವುದೂ ಬದುಕಿಲ್ಲ.
ಆ ಸಹಿಗೆ ಸಂಬಳ.

ಮಗಳು ಒತಿಲಿಯೆಗೆ ಮೀನು ಬೇಕಿತ್ತು.
ಅರವತ್ತು ಲೀಟರಿನ ಗಾಜಿನ ತೊಟ್ಟಿ ತಂದೆವು, ಮರಳು ತೊಳೆದೆವು.
ನೀರು ಎಷ್ಟು ತಿಳಿಯೆಂದರೆ
ಹಿಂದಿನ ಗೋಡೆಯ ಬಿರುಕೂ ಕಾಣುತ್ತಿತ್ತು.
ನಾಲ್ಕನೇ ಮಹಡಿಯ ವ್ರಾತಿಸ್ಲಾವ್ ಬಂದು ಬಗ್ಗಿ ನೋಡಿ
"ಚೆನ್ನಾಗಿದೆ. ಸತ್ತ ನೀರು" ಅಂದ.

ಕಲ್ಲಿದ್ದಲ ಗಣಿಯಲ್ಲಿ ಗಾಳಿಯ ಉಸ್ತುವಾರಿ ನೋಡಿದವನು.
ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು
ಹೇಗೆ ಬಂದು ಕೂರುತ್ತದೆ ಅಂತ ಬಲ್ಲವನು.
"ಆರು ವಾರ. ಮೀನಿಲ್ಲದ ನೀರಿಗೆ
ದಿನಾ ಒಂದು ಚಿಟಿಕೆ ಮೀನಿನ ಊಟ."
ಯಾರಿಗೆ?
"ಬರುವವರಿಗೆ."

ಹಾಗೆ ನನ್ನ ಮಗಳು ಖಾಲಿ ಮನೆಗೆ
ಎಡೆಬಿಡದೆ ಬಡಿಸಿದಳು.
ಬ್ಲಾಂಕಾ ನಕ್ಕಳು. ನಾನು ಮೂಗು ಮುಚ್ಚಿಕೊಂಡೆ.
ಊಟ ಕೊಳೆಯಿತು, ಕೊಳೆತದ್ದು ಅಮೋನಿಯಾ ಆಯಿತು,
ಪರೀಕ್ಷೆಯ ಕೊಳವೆಯಲ್ಲಿ ಹನಿ ಬಿಟ್ಟರೆ ಪಾಚಿಹಸಿರು.
ಮೂರನೇ ವಾರ ಹಸಿರು ಇಳಿದು
ಪಕ್ಕದ ಕೊಳವೆ ನೇರಳೆಗೆ ತಿರುಗಿತು.
"ಮೊದಲ ಪಂಕ್ತಿ ಉಂಡೆದ್ದಿದೆ," ಅಂದ ವ್ರಾತಿಸ್ಲಾವ್,
"ಅವರ ಎಂಜಲು ನೈಟ್ರೈಟು, ಅದೂ ವಿಷವೇ.
ಅದನ್ನು ಉಣ್ಣುವವರು ಬೇರೆ. ನಿಧಾನದ ಜನ."

ನಿಧಾನದ ಜನ ಬಂದದ್ದು ಒಂದು ಗುರುವಾರ,
ಕದ ತಟ್ಟದೆ.
ನೇರಳೆ ಕರಗಿ ತಿಳಿನೀಲಿ.
ಕೊನೆಗೆ ಉಳಿದ ನೈಟ್ರೇಟನ್ನು ಎಲೆಗಳು ಕುಡಿದವು,
ಮಿಕ್ಕದ್ದು ಬಕೆಟ್ಟಿನಲ್ಲಿ
ಬಾಲ್ಕನಿಯ ಜೆರೇನಿಯಂ ಬುಡಕ್ಕೆ.

ಹತ್ತು ಮೀನು ತಂದೆವು, ನೀಲಿ ಗೆರೆಯ ನಿಯಾನು.
ಯಾವುದು ಯಾವುದೆಂದು ಗುರುತು ಹತ್ತದೆ
ಒತಿಲಿಯೆ ಹತ್ತಕ್ಕೂ ಒಂದೇ ಹೆಸರಿಟ್ಟಳು: ಮಾತ್ಯಾಶ್.

ಈಸ್ಟರಿನ ಹಿಂದಿನ ದಿನ ಮನೆಯೆಲ್ಲ ಒರೆಸಿ
ಫಿಲ್ಟರು ಬಿಚ್ಚಿದೆ. ಸ್ಪಂಜಿನ ತುಂಬ
ಕಂದು ಲೋಳೆ. ನನ್ನ ಕೈಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ನಲ್ಲಿಯ ಕೆಳಗೆ, ಕ್ಲೋರಿನ್ ಘಾಟಿನ ಬಿಸಿ ನೀರಲ್ಲಿ
ಹಿಂಡಿದೆ, ಹಿಂಡಿದೆ,
ಅಂಗಡಿಯಲ್ಲಿದ್ದ ನೀಲಿ ಮರಳಿ ಬರುವ ತನಕ.
ಸಹಿ ಹಾಕುವುದೊಂದು ಬಾಕಿ.

ಮೂರನೇ ದಿನ ಮೀನುಗಳು ಮೇಲೆ ತೇಲಿ
ನೀರಿನ ಚರ್ಮ ಕಚ್ಚುತ್ತಿದ್ದವು. ಕೊಳವೆ ಮತ್ತೆ ಹಸಿರು.
ಒಂದು, ಮರಳ ಮೇಲೆ, ಮಗ್ಗುಲಾಗಿ.
ಯಾವುದು ಸತ್ತಿದ್ದು ಅಂದೆ.
"ಮಾತ್ಯಾಶ್," ಅಂದಳು.

ಲಿಫ್ಟಿಗೆ ಕಾಯಲಿಲ್ಲ.
ವ್ರಾತಿಸ್ಲಾವ್ ಬೈಯಲೂ ಇಲ್ಲ. ತೋಳು ಮಡಿಸಿ
ತನ್ನ ತೊಟ್ಟಿಯಿಂದ ಹನ್ನೊಂದು ವರ್ಷದ ಸ್ಪಂಜೆತ್ತಿ
ಬ್ರೆಡ್ಡಿನ ಚಾಕುವಿನಲ್ಲಿ ಎರಡು ಪಾಲು ಮಾಡಿ
ಒಂದನ್ನು ಸೂಪಿನ ಬಟ್ಟಲಲ್ಲಿಟ್ಟು ಕೊಟ್ಟ, ಅದರದೇ ನೀರು ಸಮೇತ.
"ಒಣಗಲು ಬಿಡಬೇಡ. ಉಸಿರಾಡುತ್ತವೆ."
ಬಾಗಿಲ ಹತ್ತಿರ, ನನ್ನನ್ನು ನೋಡದೆ:
"ಇದು ನನ್ನದೂ ಅಲ್ಲ. ಲಿಬೋರ್ ಕೊಟ್ಟದ್ದು,
ಮೂರನೇ ಪಾಳಿಯವನು. ಅವನಿಗೆ ಯಾರೋ."
ಲಿಬೋರ್ ಈಗೆಲ್ಲಿ ಅಂತ ನಾನು ಕೇಳಲಿಲ್ಲ.

ಮೆಟ್ಟಿಲು ಒಂದೊಂದೇ ಇಳಿದೆ,
ತುಳುಕದ ಹಾಗೆ, ಎರಡೂ ಕೈಯಲ್ಲಿ,
ಪಕ್ಕದ ಮನೆಯಿಂದ ಹೆಪ್ಪು ತರುವ ಹುಡುಗನಂತೆ.
ನಮ್ಮ ನೀರೊಳಗೆ ಹಿಂಡಿದೆ.
ಕಂದು ಮೋಡ ಬಿಚ್ಚಿಕೊಂಡಿತು; ಮೀನಿಲ್ಲ, ಬಿರುಕಿಲ್ಲ,
ಗಾಜಿಗೆ ಮೂಗೊತ್ತಿದ ಒತಿಲಿಯೆಯ ಮುಖವೊಂದೇ.

ರಾತ್ರಿ ಪಾಳಿಗೆ ಹೊರಡುವಾಗ ಕೈ ಮೂಸಿದೆ.
ಅಗೆದ ತೋಟದ ವಾಸನೆ.
ಮೊಣಕೈವರೆಗೆ ತೊಳೆದೆ, ನಿಯಮದಂತೆ.

ಒಂಬತ್ತು ಮಾತ್ಯಾಶ್ ಈಗ. ಬಟ್ಟಲು ನಮ್ಮಲ್ಲೇ ಉಳಿದಿದೆ.
ಬರಿದೇ ಹಿಂದಿರುಗಿಸಬಾರದು ಎನ್ನುತ್ತಾಳೆ ಬ್ಲಾಂಕಾ.
ಏನು ಹಾಕಿ ಕೊಡಲಿ,
ತೊಳೆದು ಕೊಡಲೋ, ಹಾಗೆಯೇ ಕೊಡಲೋ,
ಇನ್ನೂ ಗೊತ್ತಾಗಿಲ್ಲ.