ಹಿನ್ನೆಲೆ ಸದ್ದು

ಮನೆ ಅನ್ನಬಾರದು, ಮೊದಲ ವಾರವೇ ಕಲಿಸಿದರು.
ನಮ್ಮ ವರದಿಯಲ್ಲಿ ಅವು ಗ್ರಾಹಿಗಳು.
ಗ್ರಾಹಿ ಒಂದು, ಗ್ರಾಹಿ ಎರಡು, ಹೀಗೇ ಹದಿನಾಲ್ಕರ ತನಕ.
ಶಾಲೆಯೂ ಗ್ರಾಹಿಯೇ. ಚರ್ಚಿನ ಹಿಂದಿನ ಗೋರಿಗಳು ಮಾತ್ರ ಅಲ್ಲ,
ಅಲ್ಲಿ ಮಲಗಿದವರಿಗೆ ನಿದ್ದೆ ಕೆಡುವ ಭಯವಿಲ್ಲ
ಎಂದು ಟೈಪ್ ಮಾಡುತ್ತಲೇ ನಕ್ಕಳು
ಹೆಸ್ಟರ್, ನನ್ನ ಮೇಲ್ವಿಚಾರಕಿ.

ಎಂಟು ವಾರದ ಪ್ಲೇಸ್‌ಮೆಂಟ್. ಬಸ್ ಚಾರ್ಜು ಕೊಡುತ್ತಾರೆ, ಸಂಬಳವಿಲ್ಲ.
ಶೆಫೀಲ್ಡಿನ ತರಗತಿಯಲ್ಲಿ ಓದಿದ್ದು
ನದಿಗಳ ಹಕ್ಕು, ನಗರಗಳ ನ್ಯಾಯ.
ಇಲ್ಲಿ ನನ್ನ ಪಾಲಿಗೆ ಬಂದದ್ದು
ಮೂರು ಕಾಲಿನ ಮೇಲೆ ನಿಂತ ಒಂದು ಮೈಕು,
ಅದರ ತಲೆಗೆ ಕುಲಾವಿಯಂಥ ಸ್ಪಂಜು,
ಲಿಂಕನ್‌ಶೈರಿನ ಬಯಲಿನ ಒಂದಿಡೀ ರಾತ್ರಿ.

ಕೆಲಸ ಇಷ್ಟೇ: ವಿದ್ಯುತ್ ಉಪಕೇಂದ್ರ ಬರುವ ಮುಂಚೆ
ಇಲ್ಲಿ ಎಷ್ಟು ನಿಶ್ಶಬ್ದವಿತ್ತು ಎಂದು ಅಳೆದಿಡುವುದು.
ಹದಿನೈದು ನಿಮಿಷಕ್ಕೊಂದು ಅಂಕಿ,
ಪಕ್ಕದಲ್ಲಿ ಕೈಬರಹ, ಕೇಳಿಸಿದ್ದು ಏನೆಂದು.

ಹನ್ನೊಂದೂಕಾಲು: ದೂರದ ಲಾರಿ. ಸ್ಪಾಲ್ಡಿಂಗ್ ಕಡೆಯ ಕೋಸಿರಬೇಕು.
ಹನ್ನೊಂದೂವರೆ: ಕಾಲುವೆಯಲ್ಲಿ ಬಾತು, ಒಂದೇ ಸಲ, ಕನಸು ಬಿದ್ದಂತೆ.
ಹನ್ನೊಂದೂಮುಕ್ಕಾಲು: ಏನಿಲ್ಲ.
ಹನ್ನೆರಡು: ಏನಿಲ್ಲ.
ಹನ್ನೆರಡೂಕಾಲು: ನನ್ನದೇ ಹೊಟ್ಟೆ. ಹೊಡೆದುಹಾಕಿದೆ.

ಏನಿಲ್ಲ ಅಂತ ಬರೀಬೇಡ, ಎಂದಿದ್ದಳು ಹೆಸ್ಟರ್,
ಏನಿಲ್ಲ ಅನ್ನೋ ಸದ್ದೇ ಇಲ್ಲ, ಕಿವಿಗೊಡು.
ಕಿವಿಗೊಟ್ಟೆ.
ಗೋಧಿ ಒಂದನ್ನೊಂದು ಸವರುತ್ತಿತ್ತು.
ಬೇಲಿಯ ತಂತಿ ಚಳಿಗೆ ಬಿಗಿಯುತ್ತಿತ್ತು.
ಪಂಪುಮನೆಯ ಕದ ದಾಟಿ ನೀರು ಹೋಗುತ್ತಿತ್ತು
ಯಾರನ್ನೂ ಎಬ್ಬಿಸಬಾರದೆಂದು
ಚಪ್ಪಲಿ ಕೈಯಲ್ಲಿ ಹಿಡಿದು.
ಇಪ್ಪತ್ತಾರು ಡೆಸಿಬೆಲ್.

ಎರಡೂವರೆಗೆ ಗ್ರಾಹಿ ಏಳರ ಬಾಗಿಲು ತೆರೆಯಿತು.
ಡ್ರೆಸ್ಸಿಂಗ್ ಗೌನು, ರಬ್ಬರ್ ಬೂಟು, ಎರಡು ಮಗ್ಗು ಚಹಾ.
ಲೆನ್ ಟಪ್ಲಿನ್. ಆಲೂಗಡ್ಡೆ ವಿಂಗಡಿಸುವ ಯಂತ್ರದ ಪಕ್ಕ
ಮೂವತ್ತು ವರ್ಷ ನಿಂತು ಬಲಗಿವಿ ಕಳೆದುಕೊಂಡವನು.
"ಏನಮ್ಮ ಕೇಳಿಸಿಕೊಳ್ತಿದ್ದೀ?"
"ನಿಮ್ಮ ನಿಶ್ಶಬ್ದ."
"ನಂದಾ? ನಂಗೆ ಬರೋದೇ ಅರ್ಧ!"
ಆಮೇಲೆ ಹೇಳಿದ:
ಗ್ವೆಂಡ ತರಕಾರಿ ಪ್ಯಾಕಿಂಗಿನ ರಾತ್ರಿ ಪಾಳಿ.
ಅವನು ಬಲಮಗ್ಗುಲಾಗಿ ಮಲಗುತ್ತಾನೆ,
ಸತ್ತ ಕಿವಿ ದಿಂಬಿಗೆ, ಬದುಕಿದ್ದು ಮೇಲಕ್ಕೆ.
ಸೇತುವೆ ಹತ್ತುವಾಗ ಅವಳು ಗೇರು ಬದಲಿಸುತ್ತಾಳೆ.
ಅದು ಕೇಳಿಸಿದ ಮೇಲೆಯೇ ಅವನಿಗೆ ನಿದ್ದೆ.

ಮೈಕಿನ ಅಂಕಿ ಅಷ್ಟರಲ್ಲಿ ಐವತ್ತೆಂಟಕ್ಕೆ ಹಾರಿತ್ತು.
ಮಾತು ಬೆರೆತರೆ ಆ ಹದಿನೈದು ನಿಮಿಷ ಅಸಿಂಧು, ನಿಯಮ.
ಎರಡೂವರೆ: ಮಾತು. ಕೈಬಿಡಲಾಗಿದೆ.
ಚಹಾ ಬಿಸಿಯಿತ್ತು. ಸಕ್ಕರೆ ಜಾಸ್ತಿ.

ಮೂರೂಕಾಲು: ಸೇತುವೆ. ಮೂರರಿಂದ ಎರಡಕ್ಕೆ, ಕಿರುಗುಟ್ಟಿ.
ಮೂವತ್ತೊಂದು ಡೆಸಿಬೆಲ್.
ಮಹಡಿಯ ದೀಪ ಆರಿತು.

ಕಚೇರಿಯಲ್ಲಿ ಅದು "ವಾಹನ, ಸ್ಥಳೀಯ, ವಿರಳ" ಆಯಿತು.
ಮುನ್ನೂರು ಪುಟ ದಾಟಿದ ವರದಿಯ
ಅನುಬಂಧದೊಳಗಿನ ಅನುಬಂಧದಲ್ಲಿ
ಗ್ರಾಹಿ ಏಳಕ್ಕೆ ಒಂದು ಸಾಲು.
ಮುಂದೆ ಬರಲಿರುವ ಗುಂಯ್ಗುಡುವಿಕೆ: ಮೂವತ್ತಮೂರು.
ಮಿತಿಯೊಳಗೆ. ಪರಿಣಾಮ: ಅಲ್ಪ.
ಮೂವತ್ತಮೂರರ ಕೆಳಗೆ ಮೂವತ್ತೊಂದು ಬರೆದು ನೋಡಿದೆ,
ಬೆರಳು ಮಡಚಿ ಮಗ್ಗಿ ಹೇಳುವ ಮಗುವಿನ ಹಾಗೆ.
ಆ ಲೆಕ್ಕಕ್ಕೆ ನಮೂನೆಯಲ್ಲಿ ಕಾಲಮ್ಮಿರಲಿಲ್ಲ.

ಟಿಪ್ಪಣಿ ಎಂಬ ಕೊನೆಯ ಕಿರುಮನೆಯಿತ್ತು.
ಅಲ್ಲಿ ಬರೆದೆ: ಸೇತುವೆಯ ಗೇರಿನ ಸದ್ದು ನಿವಾಸಿ ಕಾಯುವ ಸದ್ದು.

ಹೆಸ್ಟರ್ ಕನ್ನಡಕ ಏರಿಸಿ ಓದಿದಳು.
ಕಿಟಕಿ ನೋಡಿದಳು. ಅಳಿಸಲಿಲ್ಲ.
'ಸದ್ದು' ಆದಮೇಲೆ
ಒಂದು ಅಲ್ಪವಿರಾಮ ಇಟ್ಟಳು.